ಬಿಚ್ಚಿ ಜೋಡಿಸಿದವರ ನೆಲ: ಯುದ್ಧಕಾಲದ ಎಚ್‌ಎಎಲ್ ವಿಮಾನ ನಿಲ್ದಾಣ

(ದೊಮ್ಮಲೂರಿನ ಗ್ರಂಥಾಲಯವೊಂದರ ಸಭಾಂಗಣದಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಓಟದಲ್ಲಿ ಬಿಟ್ಟುಹೋಗಿದ್ದ ಕೆಲವನ್ನು ಸೇರಿಸಿದ್ದೇನೆ. ಎರಡು ಸಲ ಹೇಳಿದ್ದನ್ನು ಒಂದಕ್ಕೆ ಇಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇದೇ ಜಾಗದಲ್ಲಿ ಇಪ್ಪತ್ತು ವರ್ಷಗಳ ಹಿಂದೆ ನಾನು ಮಾತಿಗೆ ನಿಂತಿದ್ದರೆ ಗಂಟೆಗೆ ಹಲವು ಸಲ ಬಾಯಿ ಮುಚ್ಚಿಕೊಳ್ಳಬೇಕಾಗುತ್ತಿತ್ತು. ದೊಮ್ಮಲೂರು, ಕೋಡಿಹಳ್ಳಿ, ಮುರುಗೇಶಪಾಳ್ಯದ ಹಳಬರಿಗೆ ಇದನ್ನು ವಿವರಿಸಬೇಕಾಗಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದವರು ನಡುವೆ ಸುಮ್ಮನಾಗುತ್ತಿದ್ದರು. ತಲೆಯ ಮೇಲಿನ ವಿಮಾನ ದಾಟಿದ ಮೇಲೆ, ಏನೂ ಆಗದವರಂತೆ, ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಿದ್ದರು. ಹೊರಗಿನಿಂದ ಬಂದ ನೆಂಟರಿಗೆ ಅದು ವಿಚಿತ್ರವಾಗಿ ಕಾಣುತ್ತಿತ್ತು. ನಮಗೆ ಅದು ಉಸಿರಾಟದಷ್ಟು ಸಹಜವಾಗಿತ್ತು.

ಆ ವಿಮಾನಗಳು ಇಳಿಯುತ್ತಿದ್ದ ನೆಲದ ಮೊದಲ ಕೆಲವು ವರ್ಷಗಳ ಕಥೆ ಹೇಳಲು ಬಂದಿದ್ದೇನೆ. ಮೊದಲೇ ಒಂದು ಜಗಳ ತೆಗೆಯುತ್ತೇನೆ. ಎಚ್‌ಎಎಲ್ ಎಂದರೆ ಭಾರತದ ಮೊದಲ ವಿಮಾನ ಕಾರ್ಖಾನೆ ಎಂದು ನಾವು ಶಾಲೆಯಿಂದ ಓದಿಕೊಂಡು ಬಂದಿದ್ದೇವೆ. ಅದು ಸುಳ್ಳಲ್ಲ. ಆದರೆ ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ ಆ ಕಾರ್ಖಾನೆಯಲ್ಲಿ ಹೊಸ ವಿಮಾನಗಳು ತಯಾರಾದದ್ದು ಬೆರಳೆಣಿಕೆಯಷ್ಟು. ಅಲ್ಲಿ ನಡೆದದ್ದು ರಿಪೇರಿ. ನಮ್ಮಲ್ಲಿ ರಿಪೇರಿ ಎಂಬ ಮಾತಿಗೆ ಮರ್ಯಾದೆ ಕಡಿಮೆಯಾದ್ದರಿಂದ ಸ್ಮರಣ ಸಂಚಿಕೆಗಳಲ್ಲಿ ಆ ಭಾಗ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ನನ್ನ ಮಟ್ಟಿಗೆ ಆ ಎರಡು ಸಾಲೇ ನಿಜವಾದ ಕಥೆ.

ಶುರುವಾದದ್ದು ಕಾರಿನಿಂದ. ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆ ಕಟ್ಟಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೋಜನೆ ಮಾಡಿದ್ದರು. ಅದಕ್ಕೆ ಜೊತೆಯಾದ ಉದ್ಯಮಿ ವಾಲ್‌ಚಂದ್ ಹೀರಾಚಂದ್. ದೆಹಲಿಯ ಬ್ರಿಟಿಷ್ ಸರ್ಕಾರಕ್ಕೆ ಅದು ಬೇಕಿರಲಿಲ್ಲ. ಮೈಸೂರು ಸಂಸ್ಥಾನ ಅದರಲ್ಲಿ ಕೈಹಾಕದಂತೆ ಅಡ್ಡಗಾಲು ಹಾಕಿತು. 1939ರಲ್ಲಿ ವಾಲ್‌ಚಂದ್ ಕಾರಿನ ಕೆಲಸಕ್ಕಾಗಿಯೇ ಅಮೆರಿಕಕ್ಕೆ ಹೋಗಿ, ಪೆಸಿಫಿಕ್ ಸಾಗರದ ಮೇಲೆ ಹಾರುವ ಕ್ಲಿಪ್ಪರ್ ವಿಮಾನದಲ್ಲಿ ಹಿಂತಿರುಗುತ್ತಿದ್ದಾಗ ಸಹಪ್ರಯಾಣಿಕನಾಗಿ ಸಿಕ್ಕವನು ವಿಲಿಯಂ ಪಾಲಿ ಎಂಬ ಅಮೆರಿಕನ್. ಚೀನಾ ದೇಶಕ್ಕೆ ವಿಮಾನ ಜೋಡಿಸಿಕೊಡುವ ಕಾರ್ಖಾನೆ ನಡೆಸುತ್ತಿದ್ದವನು. ಜಪಾನೀಯರು ಮುಂದೊತ್ತಿದಂತೆಲ್ಲ ಆ ಕಾರ್ಖಾನೆ ಹಿಂದೆ ಸರಿಯುತ್ತ, ಕೊನೆಗೆ ಬರ್ಮಾ ಗಡಿಯ ಲೋಯಿವಿಂಗ್ ಎಂಬಲ್ಲಿ ನಿಂತಿತ್ತು. ಕಾರು ಕೇಳಲು ಹೋದವರು ವಿಮಾನದ ಮಾತು ಹೊತ್ತು ಬಂದರು. ಇದನ್ನು ಅದೃಷ್ಟ ಎನ್ನುವವರಿದ್ದಾರೆ. ಇಷ್ಟು ದಿನ ಬಾಗಿಲು ತಟ್ಟಿದವರಿಗೆ ಯಾವುದೋ ಒಂದು ಬಾಗಿಲು ತೆರೆದುಕೊಂಡಿತು ಎಂದು ನನಗೆ ಅನ್ನಿಸುತ್ತದೆ.

1940ರಲ್ಲಿ ಫ್ರಾನ್ಸ್ ಶರಣಾಗಿ ಬ್ರಿಟನ್ ಒಂಟಿಯಾಯಿತು. ಅದುವರೆಗೆ ಭಾರತದಲ್ಲಿ ವಿಮಾನವೇ ಎಂದು ಮೂಗು ಮುರಿಯುತ್ತಿದ್ದ ದೆಹಲಿ ಸ್ವಲ್ಪ ಮೆತ್ತಗಾಯಿತು. ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವಕಾಶ ಬಿಡುವವರಲ್ಲ. ನಗರದ ಪೂರ್ವಕ್ಕೆ ನೂರಾರು ಎಕರೆ ನೆಲ ಕೊಟ್ಟರು, ಸಂಸ್ಥಾನದ ಪಾಲಾಗಿ 25 ಲಕ್ಷ ರೂಪಾಯಿ ಹಾಕಿಸಿದರು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್, ಅಂದರೆ ನಮ್ಮ ಎಚ್‌ಎಎಲ್, ನೋಂದಣಿಯಾಯಿತು. ಮೊದಲ ಕಚೇರಿ ತೆರೆದದ್ದು ಎಲ್ಲಿ ಗೊತ್ತೇ? ಇದೇ ದೊಮ್ಮಲೂರು ರಸ್ತೆಯಲ್ಲಿದ್ದ ‘ಈವನ್‌ಟೈಡ್’ ಎಂಬ ಬಂಗಲೆಯಲ್ಲಿ. ಬಾಂಬರ್ ವಿಮಾನ ಕಟ್ಟಲು ಹೊರಟವರು ಸಂಜೆಹೊತ್ತು ಎಂಬ ಹೆಸರಿನ ಮನೆಯಲ್ಲಿ ಕೂತು ಕಡತ ತೆರೆದರು.

ಬೆಂಗಳೂರೇ ಏಕೆ ಎಂದು ಕೇಳಿದರೆ ಹಲವರು ಸಮುದ್ರದಿಂದ ದೂರ, ಜಪಾನಿ ಹಡಗುಗಳ ಕೈಗೆಟುಕದ ಊರು ಎಂದುಬಿಡುತ್ತಾರೆ. ಇಲ್ಲಿ ಇಸವಿಯನ್ನು ಸ್ವಲ್ಪ ಗಮನಿಸಬೇಕು. 1940ರ ಡಿಸೆಂಬರಿನಲ್ಲಿ ಜಪಾನ್ ಇನ್ನೂ ಬ್ರಿಟನ್ನಿನ ಮೇಲೆ ಯುದ್ಧಕ್ಕೆ ಇಳಿದಿರಲಿಲ್ಲ. ಆಗಿನ ಕಾರಣಗಳು ಬೇರೆ. ಶಿವನಸಮುದ್ರದ ವಿದ್ಯುತ್ತು 1905ರಲ್ಲೇ ಊರಿಗೆ ಬಂದಿತ್ತು. ಭದ್ರಾವತಿಯಲ್ಲಿ ಉಕ್ಕು ಇತ್ತು. ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆ, ಇತ್ತು. ಲೋಹ ಬೆವರದ, ಮನುಷ್ಯನೂ ಹೆಚ್ಚು ಬೆವರದ ಹವೆ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬೇಕು ಎನ್ನುವ ಸರ್ಕಾರ ಇತ್ತು. ಎರಡೂ ಕಡಲಿನಿಂದ ಸುಮಾರು 300 ಕಿಲೋಮೀಟರ್ ಒಳಗಿರುವುದರ ಬೆಲೆ ತಿಳಿದದ್ದು ಆಮೇಲೆ.

ಪಾಲಿಯ ಕಡೆಯಿಂದ ಯಂತ್ರಗಳೂ ಅಮೆರಿಕನ್ ತಂತ್ರಜ್ಞರೂ ಬಂದರು. 1941ರ ಮಾರ್ಚಿನಲ್ಲಿ ಭಾರತ ಸರ್ಕಾರವೂ ಪಾಲುದಾರನಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಹಾರ್ಲೋ ಎಂಬ ಪುಟ್ಟ ತರಬೇತಿ ವಿಮಾನ ಇಲ್ಲಿಂದ ಮೇಲೇರಿತು. ಮರುವರ್ಷ ಜುಲೈ ಕೊನೆಯಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನ ಹಾರಿತು. ವಲ್ಟೀ ಬಾಂಬರಿನ ಕೆಲಸವೂ ಹಿಡಿದಿತ್ತು. ಇವೆಲ್ಲ ಹೊರಗಿನ ಬಿಡಿಭಾಗಗಳನ್ನು ತರಿಸಿ ಇಲ್ಲಿ ಜೋಡಿಸಿದ ವಿಮಾನಗಳು. ಆದರೂ ಮೊನ್ನೆಯವರೆಗೆ ರಾಗಿ ಬೆಳೆಯುತ್ತಿದ್ದ ಸೀಮೆಯಲ್ಲಿ ಎಂಟೇ ತಿಂಗಳಿಗೆ ವಿಮಾನ ಎದ್ದಿತು ಎನ್ನುವುದು ಸಣ್ಣ ಮಾತಲ್ಲ.

ಇಲ್ಲಿಂದ ಕಥೆ ಒಂದೇ ವಾರದಲ್ಲಿ ತಿರುಗುತ್ತದೆ. 1942ರ ಏಪ್ರಿಲ್ 4ರಂದು ಸಿಂಹಳದ ದಕ್ಷಿಣಕ್ಕೆ ಕಾವಲು ಹಾರುತ್ತಿದ್ದ ಒಂದು ಕ್ಯಾಟಲೀನಾ ವಿಮಾನ ಜಪಾನಿನ ವಿಮಾನವಾಹಕ ಹಡಗುಗಳ ದೊಡ್ಡ ಪಡೆಯನ್ನು ಕಂಡಿತು. ಅದರ ಕೆನಡಾದ ಪೈಲಟ್ ಲಿಯೊನಾರ್ಡ್ ಬರ್ಚಾಲ್. ಸುದ್ದಿ ರೇಡಿಯೋದಲ್ಲಿ ಹೋಗುತ್ತಿದ್ದಂತೆಯೇ ಅವನ ವಿಮಾನವನ್ನು ಹೊಡೆದುರುಳಿಸಿದರು, ಅವನು ಸೆರೆಯಾದ. ಮರುದಿನ ಕೊಲಂಬೊ ಮೇಲೆ ಬಾಂಬು ಬಿತ್ತು. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಿತ್ತು. ಏಪ್ರಿಲ್ 9ರಂದು ಟ್ರಿಂಕೊಮಲಿ. ವಿಶಾಖಪಟ್ಟಣದಲ್ಲಿ ಇದೇ ವಾಲ್‌ಚಂದರ ಹಡಗುಕಟ್ಟೆಯ ಕೆಲಸ ನಡೆದಿತ್ತು ಎಂಬುದನ್ನು ನೆನಪಿಡಿ. ಮದರಾಸಿನಿಂದ ಜನ ಗಂಟುಮೂಟೆ ಕಟ್ಟಿಕೊಂಡು ಒಳನಾಡಿಗೆ ಹೊರಟರು. ನಮ್ಮ ಹಿರಿಯರು ‘ಬಾಂಬಿನ ಕಾಲ’ ಎನ್ನುತ್ತಿದ್ದದ್ದು ಆ ದಿನಗಳನ್ನೇ.

ಅದೇ ಏಪ್ರಿಲ್‌ನಲ್ಲಿ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡುಕೊಂಡು ಕಾರ್ಖಾನೆಯನ್ನು ಕೈಗೆ ತೆಗೆದುಕೊಂಡಿತು. ಮೈಸೂರು ತನ್ನ ಪಾಲನ್ನು ಮಾರಲಿಲ್ಲ. ಯುದ್ಧ ಮುಗಿಯುವವರೆಗೆ ಆಡಳಿತದಿಂದ ದೂರ ಉಳಿಯಲು ಮಾತ್ರ ಒಪ್ಪಿತು. ಹಣ ಕೊಟ್ಟರೂ ಬೇಡವೆಂದು ಪಾಲು ಉಳಿಸಿಕೊಂಡ ಈ ಹಟ ನನಗೆ ಬಹಳ ಇಷ್ಟ. ಮಿರ್ಜಾ ಅವರು ಅಷ್ಟು ಹೊತ್ತಿಗೆ ದಿವಾನಗಿರಿ ಬಿಟ್ಟಿದ್ದರು. ಎನ್. ಮಾಧವರಾಯರ ಕಾಲ ಅದು.

ಸರ್ಕಾರದ ಲೆಕ್ಕಾಚಾರ ಸರಳವಾಗಿತ್ತು. ಹೊಸ ವಿಮಾನ ಅಮೆರಿಕದಲ್ಲಿ ಸಾವಿರಗಟ್ಟಲೆ ತಯಾರಾಗುತ್ತಿದೆ, ಅದನ್ನು ಬೆಂಗಳೂರಿನಲ್ಲಿ ಕಟ್ಟುವ ಅಗತ್ಯವಿಲ್ಲ. ಅಲ್ಲಿಂದ ಬಂದ ವಿಮಾನ ಇಲ್ಲಿ ಕೆಟ್ಟು ನಿಂತರೆ ಸರಿಮಾಡುವವರು ಬೇಕು. 1943ರ ಸೆಪ್ಟೆಂಬರಿನಲ್ಲಿ ಕಾರ್ಖಾನೆಯ ಉಸ್ತುವಾರಿ ಅಮೆರಿಕದ ಸೇನಾ ವಾಯುಪಡೆಗೆ ಹೋಯಿತು. ಅವರ ಕಾಗದಪತ್ರಗಳಲ್ಲಿ ಈ ನೆಲದ ಹೆಸರು ‘84ನೆಯ ಏರ್ ಡಿಪೋ’. ವಿಮಾನ ಕಟ್ಟುವ ಕನಸು ಹಾಗೆ ಗ್ಯಾರೇಜಾಯಿತು.

ಗ್ಯಾರೇಜ್ ಎಂದರೆ ಏನೆಂದು ಸ್ವಲ್ಪ ನಿಂತು ನೋಡೋಣ. ಕ್ಯಾಟಲೀನಾ, ಡಕೋಟಾ, ಲಿಬರೇಟರ್ ಎಂಬ ಮೂರು ವಿಮಾನಗಳನ್ನು ತೆಗೆದುಕೊಳ್ಳಿ. ಒಂದು ನೀರಿನ ಮೇಲೆ ಇಳಿಯುವ ಹಾರುದೋಣಿ, ಒಂದು ಜನ-ಸಾಮಾನು ಸಾಗಿಸುವ ಗಾಡಿ, ಇನ್ನೊಂದು ನಾಲ್ಕು ಎಂಜಿನ್ನಿನ ಬಾಂಬರ್. ನೋಡಲು ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಮೂರಕ್ಕೂ ಹಾಕಿದ್ದು ಒಂದೇ ಮನೆತನದ ಎಂಜಿನ್: ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಟ್ವಿನ್ ವಾಸ್ಪ್. ಏಳೇಳರ ಎರಡು ಸಾಲಿನಲ್ಲಿ, ಚಕ್ರದ ಅರೆಗಳ ಹಾಗೆ ಸುತ್ತಲೂ ಕೂತ 14 ಸಿಲಿಂಡರ್‌ಗಳು, ಸುಮಾರು 1,200 ಅಶ್ವಶಕ್ತಿ. ಇಷ್ಟು ಗಂಟೆ ಹಾರಿದ ಮೇಲೆ ಅದನ್ನು ಕಡ್ಡಾಯವಾಗಿ ಇಳಿಸಿ ಪೂರ್ತಿ ಬಿಚ್ಚಬೇಕು. ಬಿಚ್ಚಿದ ಪ್ರತಿ ಭಾಗವನ್ನೂ ತೊಳೆದು, ಅಳೆದು, ಸವೆದಿದೆಯೇ ಎಂದು ನೋಡಬೇಕು. ಉಕ್ಕಿನ ಭಾಗಗಳಿಗೆ ಕಾಂತಶಕ್ತಿ ಹಾಯಿಸಿ, ಕಬ್ಬಿಣದ ಪುಡಿ ಬಿಟ್ಟು, ಕಣ್ಣಿಗೆ ಕಾಣದ ಬಿರುಕನ್ನು ಕಾಣುವಂತೆ ಮಾಡಬೇಕು. ಹಾಳಾದದ್ದನ್ನು ಬದಲಿಸಿ, ಮತ್ತೆ ಜೋಡಿಸಿ, ಕಟ್ಟೆಯ ಮೇಲೆ ಬಿಗಿದು ಓಡಿಸಿ ಪರೀಕ್ಷಿಸಬೇಕು. ಹಿಮಾಲಯದ ಮೇಲೋ ಬಂಗಾಳ ಕೊಲ್ಲಿಯ ಮೇಲೋ ಹಾರುವವನಿಗೆ ಈ ಕೆಲಸ ಮಾಡಿದವರ ಮುಖ ಗೊತ್ತಿರುವುದಿಲ್ಲ. ಅವನು ನಂಬುವುದು ಅವರು ಬಿಗಿದ ನಟ್ಟುಗಳನ್ನು.

ಆ ಕೆಲಸಕ್ಕೆ ಸೇರಿದವರು ಸುತ್ತಮುತ್ತಲ ಹಳ್ಳಿಗಳ, ದಂಡಿನ, ಪೇಟೆಯ, ಕೋಲಾರದ ಕಡೆಯ ಸಾವಿರಾರು ಹುಡುಗರು. ಅಳತೆಯ ಉಪಕರಣದಲ್ಲಿ ಅಂಗುಲದ ಸಾವಿರದಲ್ಲಿ ಒಂದು ಭಾಗ ಎಂಬ ಗುರುತನ್ನು ಅವರಲ್ಲಿ ಹೆಚ್ಚಿನವರು ಮೊದಲು ಕಂಡದ್ದು ಇಲ್ಲಿ. ಆಗ್ನೇಯ ಏಷ್ಯಾದ ರಣರಂಗಕ್ಕೆ ಇದು ಅತಿ ದೊಡ್ಡ ದುರಸ್ತಿ ಕೇಂದ್ರಗಳಲ್ಲಿ ಒಂದಾಯಿತು.

ಹಾರುದೋಣಿ ಎಂದೆನಲ್ಲ, ಅವು ಎಲ್ಲಿ ಇಳಿಯಬೇಕು? ಕ್ಯಾಟಲೀನಾದ ಒಂದು ಮಾದರಿಗೆ ಚಕ್ರವೂ ಇತ್ತು, ಅದು ರನ್‌ವೇ ಮೇಲೆ ಬರಬಹುದು. ಚಕ್ರವಿಲ್ಲದ ಮಾದರಿಗೆ ನೀರೇ ಬೇಕು. ಅವು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ ಎಂದು ಈ ಭಾಗದ ಹಳಬರ ನೆನಪು ಹೇಳುತ್ತದೆ. ನೂರಡಿಗೂ ಹೆಚ್ಚು ಅಗಲದ ರೆಕ್ಕೆಯ ವಿಮಾನ ಕೆರೆಯ ನೀರನ್ನು ಸೀಳಿಕೊಂಡು ಬಂದು ನಿಲ್ಲುವುದನ್ನು ದಡದ ಗದ್ದೆಯಲ್ಲಿದ್ದವರು ನೋಡಿರಬೇಕು. 2017ರಲ್ಲಿ ನೊರೆ ಕಾರಿ, ಹೊತ್ತಿ ಉರಿದು ದೇಶಕ್ಕೆಲ್ಲ ಸುದ್ದಿಯಾದದ್ದೂ ಇದೇ ಕೆರೆ. ಇಂದು ಅಲ್ಲಿ ಬಾತುಕೋಳಿ ಇಳಿಯಲೂ ಯೋಚಿಸುತ್ತದೆ. ಹೋಗಲಿ, ಅದು ಬೇರೆಯೇ ಉಪನ್ಯಾಸದ ವಿಷಯ.

ಈ ಗದ್ದಲದ ನಡುವೆ ಒಬ್ಬರು ಕಟ್ಟುವ ಆಸೆಯನ್ನು ಬಿಟ್ಟಿರಲಿಲ್ಲ. ವಿಷ್ಣು ಮಾಧವ ಘಾಟಗೆ, ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಪ್ರಾಂಟ್ಲ್ ಎಂಬ ಮಹಾನ್ ವಿಜ್ಞಾನಿಯ ಬಳಿ ಕಲಿತು ಬಂದವರು. ಯುದ್ಧದ ನಡುವೆಯೇ ಹತ್ತು ಜನರನ್ನು ಹೊರಬಲ್ಲ ಎಂಜಿನ್‌ರಹಿತ ಗ್ಲೈಡರ್ ಒಂದನ್ನು ಇಲ್ಲಿ ರೂಪಿಸಿದರು. ಕಟ್ಟಿದ್ದು ಒಂದೇ. 1942ರ ಡಿಸೆಂಬರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನಶಾಸ್ತ್ರದ ವಿಭಾಗ ಶುರುವಾದಾಗ ಅದರ ಮೊದಲ ಮುಖ್ಯಸ್ಥರೂ ಅವರೇ. ಓದು ಮಲ್ಲೇಶ್ವರದ ಕಡೆ, ಎಣ್ಣೆ-ಮಸಿ ಈ ಕಡೆ. ಎರಡರ ನಡುವೆ ಓಡಾಡಿದ ಘಾಟಗೆಯವರೇ ಮುಂದೆ ಎಚ್‌ಟಿ-2 ಎಂಬ ತರಬೇತಿ ವಿಮಾನ ವಿನ್ಯಾಸ ಮಾಡಿದರು. ಅದು 1951ರ ಆಗಸ್ಟಿನಲ್ಲಿ ಹಾರಿತು. ಕಟ್ಟಬೇಕೆಂದು ಹೊರಟ ಹತ್ತು ವರ್ಷಕ್ಕೆ ನಮ್ಮದೇ ಎನ್ನುವ ಎಂಜಿನ್ ವಿಮಾನ ಬಂತು.

ಯುದ್ಧ ಮುಗಿಯಿತು. ಅಮೆರಿಕನ್ನರು ಹೊರಟರು. ಬಿಚ್ಚಲು ವಿಮಾನವಿಲ್ಲ, ಬಿಚ್ಚಲು ಕಲಿತ ಕೈ ಮಾತ್ರ ಸಾವಿರಾರು. ಕಾರ್ಖಾನೆ ಮುಚ್ಚಬಹುದಿತ್ತು. ಬದಲಿಗೆ ಹೊಟ್ಟೆಪಾಡಿಗೆ ಏನೇನೋ ಹಿಡಿಯಿತು. ಯುದ್ಧದಲ್ಲಿ ಉಳಿದ ಡಕೋಟಾಗಳನ್ನು ನಾಗರಿಕ ಪ್ರಯಾಣಕ್ಕೆ ಸಜ್ಜು ಮಾಡಿತು. ಬಸ್ಸಿಗೆ ಮೈ ಕಟ್ಟಿತು. ರೈಲಿಗೆ ಮರದ ಬದಲು ಪೂರ್ತಿ ಲೋಹದ ಬೋಗಿ ಕಟ್ಟಿತು. ವಿಮಾನದ ಮೈಗೆ ತಗಡು ಬಗ್ಗಿಸಿ ರಿವೆಟ್ ಹೊಡೆದವನಿಗೆ ಮೂರನೇ ದರ್ಜೆಯ ಬೋಗಿ ಏನು ಮಹಾ? ಆ ಬೋಗಿ ವಿಭಾಗವೇ 1964ರಲ್ಲಿ ಬಿಇಎಂಎಲ್ ಎಂಬ ಸರ್ಕಾರಿ ಕಂಪನಿಯ ಕೈಗೆ ಹೋಯಿತು. ನಮ್ಮ ಮೆಟ್ರೊದ ಮೊದಲ ರೈಲುಗಳು ಬಂದದ್ದು ಬಿಇಎಂಎಲ್‌ನಿಂದ. ಇವತ್ತು ನೀವು ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ಹತ್ತಿ ಬಂದಿದ್ದರೆ ಯುದ್ಧಕಾಲದ ಈ ಗ್ಯಾರೇಜಿನ ಮೊಮ್ಮಗನ ಹೆಗಲ ಮೇಲೆ ಕೂತು ಬಂದಿರಿ ಎಂದೇ ಲೆಕ್ಕ.

ಇನ್ನು ಲಿಬರೇಟರ್ ಪ್ರಸಂಗ. ನನ್ನ ಮಾತನ್ನು ಇದೊಂದೇ ಸಾಬೀತು ಮಾಡುತ್ತದೆ. ಬ್ರಿಟಿಷ್ ವಾಯುಪಡೆ ಅಮೆರಿಕದಿಂದ ಎರವಲು ತಂದಿದ್ದ ಲಿಬರೇಟರ್ ಬಾಂಬರುಗಳು ಯುದ್ಧದ ಕೊನೆಯಲ್ಲಿ ಕಾನ್ಪುರದ ಚಕೇರಿಯಲ್ಲಿ ಸಾಲಾಗಿ ನಿಂತಿದ್ದವು. ಕೊಂಡೊಯ್ಯುವ ಖರ್ಚು ಬೇಡ, ಬೇರೆಯವರಿಗೆ ಕೊಡುವ ಮನಸ್ಸೂ ಇಲ್ಲ. ಕೆಡಿಸಿ ಬಿಟ್ಟರು. ಬುಲ್‌ಡೋಜರ್ ನುಗ್ಗಿಸಿದರು, ಗುದ್ದಲಿಯಿಂದ ಮೈಗೆ ತೂತು ಹೊಡೆದರು, ಒಳಗಿನ ಮೀಟರುಗಳನ್ನು ಒಡೆದರು, ಎಂಜಿನ್ನಿಗೆ ಮರಳು ಸುರಿದರು. ವಿಮಾನ ಕೊಲ್ಲುವುದಕ್ಕೆ ಅವರು ಪಟ್ಟ ಶ್ರಮ ನೋಡಿದರೆ, ಸರಿಮಾಡುವುದು ಅಸಾಧ್ಯ ಎಂದು ಹೊರದೇಶದ ಪರಿಣತರು ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ.

1947ರ ನಂತರ ಭಾರತಕ್ಕೆ ಭಾರಿ ಬಾಂಬರ್ ಬೇಕಾಯಿತು, ಕೊಳ್ಳಲು ಹಣವಿರಲಿಲ್ಲ. ಎಚ್‌ಎಎಲ್‌ನವರು ಕಾನ್ಪುರಕ್ಕೆ ಹೋಗಿ ಆ ರಾಶಿಯನ್ನು ನೋಡಿದರು. ಎಂಜಿನ್ ಯಾವುದು? ಅದೇ ಟ್ವಿನ್ ವಾಸ್ಪ್. ಯುದ್ಧದ ವರ್ಷಗಳಲ್ಲಿ ಬಿಚ್ಚಿ ಬಿಚ್ಚಿ ಬಾಯಿಪಾಠವಾಗಿದ್ದ ಎಂಜಿನ್. ಒಂದರ ರೆಕ್ಕೆ, ಇನ್ನೊಂದರ ಬಾಲ, ಮೂರನೆಯದರ ಚಕ್ರ ಎಂದು ಕೂಡಿಸಿ, ಒಂದೇ ಒಂದು ಸಲ ಹಾರಿದರೆ ಸಾಕು ಎನ್ನುವಷ್ಟು ಸರಿಮಾಡಿದರು. ಆ ಒಂದು ಸಲದ ಹಾರಾಟ ಕಾನ್ಪುರದಿಂದ ಬೆಂಗಳೂರಿಗೆ, ಸುಮಾರು 1,500 ಕಿಲೋಮೀಟರ್. ಹಾರಿಸಿದವರು ಕಂಪನಿಯ ಮುಖ್ಯ ಪರೀಕ್ಷಾ ಪೈಲಟ್ ಜಮ್‌ಶೆಡ್ ಕೈಕೋಬಾದ್ ಮುನ್ಷಿ, ಎಲ್ಲರ ಬಾಯಲ್ಲಿ ಜಿಮ್ಮಿ ಮುನ್ಷಿ. ಗುಜರಿ ಎಂದು ಬರೆದಿಟ್ಟ ವಿಮಾನದಲ್ಲಿ ಕೂತು ವಿಂಧ್ಯ ದಾಟುವುದನ್ನು ಒಂದು ಸಲ ಮಾಡಿದರೆ ಸಾಹಸ ಎನ್ನಬಹುದು. ಅವರು ಅದನ್ನು ಮತ್ತೆ ಮತ್ತೆ ಮಾಡಿದರು, ಎಚ್‌ಟಿ-2ನ್ನು ಮೊದಲು ಹಾರಿಸಿದವರೂ ಅವರೇ. ಬೆಂಗಳೂರು ತಲುಪಿದ ಮೇಲೆ ಒಂದೊಂದನ್ನೂ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದರು. 1948ರ ನವೆಂಬರಿನಲ್ಲಿ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಈ ವಿಮಾನಗಳೊಂದಿಗೆ ಶುರುವಾಯಿತು. ಒಟ್ಟು ನಲವತ್ತಕ್ಕೂ ಹೆಚ್ಚು ಲಿಬರೇಟರ್‌ಗಳು ಹೀಗೆ ಸತ್ತು ಹುಟ್ಟಿದವು.

ಅವು ಎಷ್ಟು ದಿನ ಬಾಳಿದವು ಗೊತ್ತೇ? 1968ರ ಡಿಸೆಂಬರ್ 31ರವರೆಗೆ. ಆ ಹೊತ್ತಿಗೆ ಜಗತ್ತಿನ ಬೇರೆ ಯಾವ ಸೇನೆಯಲ್ಲೂ ಲಿಬರೇಟರ್ ಉಳಿದಿರಲಿಲ್ಲ. ಯುದ್ಧಕಾಲದಲ್ಲಿ 18,000ಕ್ಕೂ ಹೆಚ್ಚು ಲಿಬರೇಟರ್ ಕಟ್ಟಿದ್ದ ಅಮೆರಿಕದವರೇ ಆಮೇಲೆ ಮ್ಯೂಸಿಯಂಗೆ ಒಂದು ಬೇಕೆಂದು ಭಾರತಕ್ಕೆ ಬಂದರು. ಅರಿಜೋನಾದ ಪಿಮಾ ಮ್ಯೂಸಿಯಂನಲ್ಲಿ, ಕೆನಡಾದ ಒಟ್ಟಾವಾದಲ್ಲಿ, ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿ ನಿಂತಿರುವ ಲಿಬರೇಟರ್‌ಗಳು ಭಾರತೀಯ ವಾಯುಪಡೆಯಿಂದ ಹೋದವು. ಗುದ್ದಲಿ ಹಿಡಿದು ಕೆಡಿಸಿದವರ ದೇಶ, ಕೆಡಿಸಿದ್ದನ್ನು ನಮ್ಮಿಂದ ಮರಳಿ ಪಡೆದು ಗಾಜಿನ ಬಾಗಿಲೊಳಗೆ ಇಟ್ಟುಕೊಂಡಿದೆ. ನಾನು ಇದನ್ನು ಹೇಳುವಾಗಲೆಲ್ಲ ಸ್ವಲ್ಪ ಹೆಚ್ಚೇ ಖುಷಿಪಡುತ್ತೇನೆ, ಕ್ಷಮಿಸಿ.

ಮುಂದಿನದು ನಿಮಗೆ ಗೊತ್ತಿರುವ ಕಾಲ, ಬೇಗ ದಾಟುತ್ತೇನೆ. 1951ರಲ್ಲಿ ಸಂಸ್ಥೆ ರಕ್ಷಣಾ ಸಚಿವಾಲಯದಡಿ ಬಂತು. 1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಎಂಬ ಈಗಿನ ಹೆಸರು ಪಡೆಯಿತು. 1961ರ ಜೂನ್ 17ರಂದು ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸದ ಮಾರುತ್ ಯುದ್ಧವಿಮಾನ ಇಲ್ಲಿಂದ ಹಾರಿತು. ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿಯಲ್ಲಿ ಅದೇ ಮಾರುತ್ ಪರೀಕ್ಷೆಯಲ್ಲಿ, ಇದೇ ನೆಲದಲ್ಲಿ ಅವರು ತೀರಿಕೊಂಡರು. ಸುರಂಜನ್‌ದಾಸ್ ರಸ್ತೆಯ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ಕಾಯುವವರು ಆ ಅರ್ಧ ಗಂಟೆಯಲ್ಲಿ ಒಂದು ನಿಮಿಷವನ್ನು ಅವರಿಗೆ ಕೊಡಬಹುದು. ಮಾರುತ್‌ನಿಂದ ಮಾರತಹಳ್ಳಿ ಎಂಬ ಹೆಸರು ಬಂತು ಎನ್ನುವ ಕಥೆಯನ್ನು ಮಾತ್ರ ದಯವಿಟ್ಟು ಹರಡಬೇಡಿ. ಊರು ವಿಮಾನಕ್ಕಿಂತ ಬಹಳ ಹಳೆಯದು. ವಿಮಾನದಿಂದ ಹೆಸರು ಪಡೆದದ್ದು ವಿಮಾನಪುರ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯಿತು. ಹೊಸ ನಿಲ್ದಾಣದ 150 ಕಿಲೋಮೀಟರ್ ಒಳಗೆ 25 ವರ್ಷ ಇನ್ನೊಂದು ಬೇಡ ಎಂಬ ಕರಾರಿನಿಂದ ಇಲ್ಲಿನ ಪ್ರಯಾಣಿಕ ವಿಮಾನಗಳು ನಿಂತವು. ರನ್‌ವೇ ಸತ್ತಿಲ್ಲ. 3,300 ಮೀಟರ್ ಉದ್ದದ ಆ ಪಟ್ಟಿಯಿಂದ ತೇಜಸ್, ಹೆಲಿಕಾಪ್ಟರುಗಳು ಏಳುತ್ತಲೇ ಇವೆ. ರಸ್ತೆಯ ಹೆಸರು ಮಾತ್ರ ‘ಹಳೇ ಏರ್‌ಪೋರ್ಟ್ ರಸ್ತೆ’ ಆಯಿತು.

ಇಲ್ಲಿಗೆ ಮಾತು ಮುಗಿಸಿ ಪ್ರಶ್ನೆಗಳಿಗೆ ಕೂತೆ. ಬೆಳ್ಳಂದೂರಿನ ಬಗ್ಗೆ ಇಬ್ಬರು ಕೇಳಿದರು, ಮಾರತಹಳ್ಳಿಯ ಬಗ್ಗೆ ಒಬ್ಬರು ಸಿಟ್ಟಾದರು. ಕೊನೆಯ ಸಾಲಿನಿಂದ ಎಂಬತ್ತು ದಾಟಿದಂತಿದ್ದ ಹಿರಿಯರೊಬ್ಬರು ಎದ್ದು ನಿಂತರು. ಎಂಜಿನ್ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದವರಂತೆ.

“ಸ್ವಾಮಿ, ತಾವು ಬಿಚ್ಚುವುದನ್ನು ಚೆನ್ನಾಗಿ ಹೇಳಿದಿರಿ. ತಂತಿಯ ವಿಷಯ ಹೇಳಲಿಲ್ಲ,” ಎಂದರು.

ಯಾವ ತಂತಿ ಎಂದು ಕೇಳಿದೆ.

“ನಟ್ಟು ಬಿಗಿದರೆ ಆಯಿತೇ? ನಡುಗಿ ನಡುಗಿ ಸಡಿಲವಾಗುವುದಿಲ್ಲವೇ? ನಟ್ಟಿನ ತಲೆಯಲ್ಲಿ ತೂತು ಇರುತ್ತದೆ. ಅದರೊಳಗೆ ತಂತಿ ತೂರಿಸಿ, ಹೊಸೆದು, ಪಕ್ಕದ ನಟ್ಟಿಗೆ ಕಟ್ಟಬೇಕು. ಒಂದು ಸಡಿಲವಾಗಲು ಹೋದರೆ ಇನ್ನೊಂದು ಅದನ್ನು ಬಿಗಿಯುವ ಕಡೆಗೇ ಎಳೆಯಬೇಕು. ತಿರುಗು ಮುರುಗು ಕಟ್ಟಿದರೆ ಕಟ್ಟದಿರುವುದಕ್ಕಿಂತ ಕೆಟ್ಟದು. ನಾನು ಕೆಲಸಕ್ಕೆ ಸೇರಿದಾಗ ಯುದ್ಧದ ಕಾಲದ ಒಬ್ಬ ಮೇಸ್ತ್ರಿ ಇದ್ದರು. ಎರಡು ತಿಂಗಳು ನನಗೆ ಇದೊಂದನ್ನೇ ಮಾಡಿಸಿದರು.”

ಹೇಗೆ ಎಂದು ತೋರಿಸುತ್ತೀರಾ ಎಂದೆ. ಅವರು ಊರುಗೋಲನ್ನು ಕುರ್ಚಿಗೆ ಒರಗಿಸಿ, ಎರಡೂ ಕೈ ಎತ್ತಿ, ಇಲ್ಲದ ಇಕ್ಕಳದಲ್ಲಿ ಇಲ್ಲದ ತಂತಿಯ ತುದಿ ಹಿಡಿದು, ಬಲಕ್ಕೆ ಹೊಸೆಯತೊಡಗಿದರು. ಸಭೆ ಸದ್ದಿಲ್ಲದೆ ನೋಡುತ್ತಿತ್ತು. ನಡುವೆ ನಿಲ್ಲಿಸಿ, ತಲೆ ಅಲ್ಲಾಡಿಸಿ, “ಅಲ್ಲ, ಸಡಿಲವಾಯಿತು,” ಎಂದು ಬಿಚ್ಚಿ, ಮತ್ತೆ ಮೊದಲಿನಿಂದ ಶುರುಮಾಡಿದರು.